ಅರ್ಧ ಟಿಕೆಟ್ಟಿನ ಕುರ್ಚಿ

ನನ್ನ ಓರಗಿತ್ತಿಗೆ ತಲೆ ಸರಿಯಿರಲಿಲ್ಲವೆಂದು ಭದ್ರಾವತಿಯ ಓಲ್ಡ್ ಟೌನಿನಲ್ಲಿ ಎಲ್ಲರೂ ಒಪ್ಪಿದ್ದರು. ಒಪ್ಪದವಳು ನಾನೊಬ್ಬಳೇ. ಎಲ್ಲರೂ ಒಪ್ಪಿದ ಮಾತೆಂದರೆ ನನಗೆ ಮೊದಲಿನಿಂದಲೂ ಅನುಮಾನ! ನಾಲ್ಕನೆಯ ತರಗತಿಗೇ ಶಾಲೆ ಬಿಡಿಸಿಕೊಂಡು, ಸಕ್ಕರೆ ಕಟ್ಟಿ ಬಂದ ಪೇಪರಿನ ತುಂಡುಗಳನ್ನು ಓದಿ ಬೆಳೆದವಳು ನಾನು. ಯಾವ ಸುದ್ದಿಯಾದರೂ ಅರ್ಧ ಹರಿದೇ ಕೈಗೆ ಬರುತ್ತದೆಂಬುದು ನನಗೆ ಗೊತ್ತು.

ಮೊನ್ನೆ ನಮ್ಮ ಮಹಿಳಾ ಸಮಾಜದವರು ಸ್ಮರಣ ಸಂಚಿಕೆ ಕಳಿಸಿದ್ದಾರೆ. ಸಮಾಜವು ‘ಊರ ಹಿರಿಯರ ಪ್ರೇರಣೆಯಿಂದ’ ಹುಟ್ಟಿತಂತೆ. ಯಾವ ಹಿರಿಯರು? ಅದು ಹುಟ್ಟಿದ್ದು ಒಂದು ಬೆತ್ತದ ಕುರ್ಚಿಯಿಂದ! ‘ಹಿರಿಸೊಸೆಯ ಹಟ ನೋಡಲಾರದೆ ವೃದ್ಧ ಅತ್ತೆ ಸಭೆಯಲ್ಲೇ ಕುಸಿದು ಕುಳಿತರು’ ಎಂದೂ ಬರೆದಿದ್ದಾರೆ. ಆ ಅತ್ತೆ ನನಗೂ ಅತ್ತೆಯೇ. ಅವರ ತೋಳು ಹಿಡಿದು ನಿಂತಿದ್ದವಳು ನಾನು. ಆದ್ದರಿಂದ ಈ ಬರಹ.

ಕನ್ನಡ ನಾಡು ಒಂದಾದ ಹೊಸತು. ಗಂಡಸರು ಕಬ್ಬಿಣದ ಕಾರ್ಖಾನೆಯ ಕೂಗಿಗೆ ಎದ್ದು, ಅದರ ಕೂಗಿಗೇ ಉಣ್ಣುತ್ತಿದ್ದ ಕಾಲ. ಒಂದು ದಿನ ಅಕ್ಕ, ಅಂದರೆ ನನ್ನ ಓರಗಿತ್ತಿ, ನನ್ನನ್ನು ಕರೆದುಕೊಂಡು ಶಿವಮೊಗ್ಗೆಗೆ ಹೋದಳು. ಸೀರೆಗೆ ಎಂದುಕೊಂಡೆ. ಕೊಂಡದ್ದು ಕುರ್ಚಿ! ರೈಲಿನಲ್ಲಿ ಅದನ್ನು ಕಿಟಕಿಯ ಪಕ್ಕದ ಸೀಟಿನ ಮೇಲಿಟ್ಟು ತಾನು ನಿಂತಳು. ಟಿಕೆಟ್ ಕಲೆಕ್ಟರು ಬಂದರು.

“ಏನಮ್ಮಾ ಇದು? ಲಗೇಜ್ ಚಾರ್ಜ್ ಆಗುತ್ತೆ.”

“ಲಗೇಜ್ ಅಲ್ಲ ಸ್ವಾಮಿ, ನಮ್ಮ ಸಮಾಜದ ಅಧ್ಯಕ್ಷರು.”

“ಅಧ್ಯಕ್ಷರಾದ್ರೆ ಟಿಕೆಟ್ ಬೇಕಲ್ಲ?”

“ಇವತ್ತು ತಾನೇ ಹುಟ್ಟಿರೋದು. ಅರ್ಧ ಟಿಕೆಟ್ ಕೊಡಿ!”

ಆತ ನಗುತ್ತಲೇ ಹರಿದುಕೊಟ್ಟರು. ಗದ್ದೆಗಳ ಹಸಿರು ಕುರ್ಚಿಯ ಬೆತ್ತದ ಕಣ್ಣುಗಳಲ್ಲಿ ಹಾದುಹೋಗುತ್ತಿತ್ತು. ಅದರ ಮೇಲೆ ಯಾರೋ ಕೂತು ಹೊರಗೆ ನೋಡುತ್ತಿದ್ದಾರೆ, ಅವರ ಮುಖ ಮಾತ್ರ ಇನ್ನೂ ಮೂಡಿಲ್ಲ ಎಂದು ನನಗನ್ನಿಸಿತು. ಇಳಿಸುವಾಗ ಒಂದು ಕಾಲು ಸಡಿಲವಾಯಿತು. ಅಂದಿನಿಂದ ಮುಟ್ಟಿದರೆ ಸಾಕು, ಟಕ್ ಟಕ್ ಎನ್ನುತ್ತಿತ್ತು.

ಕುರ್ಚಿಯೇ ಏಕೆ? ನಾನೂ ಕೇಳಿದ್ದೆ.

“ನೋಡು ಮಾರಾಯ್ತಿ, ಗಂಡಸ್ರು ಜಗಲಿ ಮೇಲೆ ಕೂತು ಮಾತಾಡ್ತಾರೆ. ನಾವು ಬಾಗಿಲ ಹಿಂದೆ ನಿಂತು ಮಾತಾಡ್ತೀವಿ. ನಿಂತು ಆಡಿದ್ದೆಲ್ಲ ಬೇಡಿಕೊಂಡ ಹಾಗಿರುತ್ತೆ. ಒಂದ್ಸಲ ಕೂತು ಹೇಳಿ ನೋಡ್ಬೇಕು.”

ಮಂಗಳವಾರದ ಮಧ್ಯಾಹ್ನಗಳಲ್ಲಿ ನಮ್ಮ ನಡುಮನೆಯಲ್ಲಿ ಸಮಾಜ ಸೇರತೊಡಗಿತು. ಕುರ್ಚಿಯಲ್ಲಿ ಕೂತವರು ಮಾತಾಡಬೇಕು, ಉಳಿದವರು ಕೇಳಬೇಕು. ಕಟ್ಟಳೆ ಇಷ್ಟೇ. ಆದರೆ ಕೂರುವವರು ಯಾರು? ಒಳಕೋಣೆಯಲ್ಲಿ ಅತ್ತೆ ಮಲಗಿರುತ್ತಿದ್ದರು, ಬಾಗಿಲು ಸದಾ ತೆರೆದಿರುತ್ತಿತ್ತು. ಅತ್ತೆ ಕಾಣುವಂತಿರುವಾಗ ಸೊಸೆ ಎತ್ತರದಲ್ಲಿ ಕೂರುವುದುಂಟೇ? ಒಬ್ಬಳು ಕುರ್ಚಿಯ ತೋಳು ಹಿಡಿದು ನಿಂತೇ ಮಾತಾಡಿದಳು. ಇನ್ನೊಬ್ಬಳು ಅದಕ್ಕೆ ಕೈ ಮುಗಿದು ನೆಲದಲ್ಲಿ ಕೂತಳು. ಕೊನೆಗೆ ಅದನ್ನು ಏರಿದ್ದು ನಮ್ಮ ಮನೆಯ ಬೆಕ್ಕು. ಅಕ್ಕ ಎದ್ದು ನಿಂತು, “ಅಧ್ಯಕ್ಷರೇ, ಎರಡು ಮಾತು ಆಡಿ” ಎಂದಳು. ಅಧ್ಯಕ್ಷರು ಬಾಲ ನೆಕ್ಕಿಕೊಂಡರು!

ಪಕ್ಕದ ಮನೆಯಾಕೆ ಉಪಾಯ ಹೇಳಿದಳು: “ಮಂಗಳವಾರ ನಿಮ್ಮತ್ತೇನ ದೇವಸ್ಥಾನಕ್ಕೆ ಕಳಿಸಿಬಿಡ್ರೀ. ಆರಾಮಾಗಿ ಕೂರಬಹುದು.”

“ಅವರಿಲ್ಲದಾಗ ಕೂತ್ರೆ ಕದ್ದು ಕೂತ ಹಾಗಾಯ್ತು” ಎಂದಳು ಅಕ್ಕ. ಇಂಥವಳಿಗೆ ತಲೆ ಸರಿಯಿಲ್ಲ ಎನ್ನದೆ ಜನ ಇನ್ನೇನನ್ನಬೇಕು?

ಅಷ್ಟರಲ್ಲಿ, ಹುಡುಗಿಯರ ಶಾಲೆಯನ್ನು ಹೊಳೆಯಾಚೆಗೆ ಸಾಗಿಸುತ್ತಾರೆಂಬ ಸುದ್ದಿ ಬಂತು. ಸೇತುವೆ ದಾಟಿ ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ? ನಮ್ಮ ಭಾವನವರೇ ಮಗಳಿಗೆ, “ಓದಿದ್ದು ಸಾಕು” ಎಂದುಬಿಟ್ಟರು. ಅಕ್ಕನ ಒಬ್ಬಳೇ ಮಗಳು. ಪುಸ್ತಕಗಳನ್ನು ಎದೆಗವಚಿಕೊಂಡು ಹಿತ್ತಿಲ ಬಾಗಿಲಲ್ಲಿ ನಿಂತುಬಿಟ್ಟಿತು ಮಗು. ಅಕ್ಕ ಪುರಸಭೆಯ ಮೆಂಬರಿಗೆ ಹೇಳಿಕಳಿಸಿದಳು: ಮಂಗಳವಾರ ಬನ್ನಿ, ಹೆಂಗಸರು ಮಾತಾಡುವುದಿದೆ.

ಮೆಂಬರು ಬಂದರು. ನಡುಮನೆಯಲ್ಲಿದ್ದುದು ಒಂದೇ ಕುರ್ಚಿ. ಪಾಪ, ಅದು ತಮಗಲ್ಲದೆ ಇನ್ನಾರಿಗೆ ಎಂದುಕೊಂಡರು. ಪಂಚೆ ಎತ್ತಿ ಇನ್ನೇನು ಕೂರಬೇಕು!

“ತಾವು ಈ ಕಡೆ ಚಾಪೆ ಮೇಲೆ ಕೂತ್ಕೋಬೇಕು. ಅದು ಸಮಾಜದ ಕುರ್ಚಿ” ಎಂದಳು ಅಕ್ಕ.

“ಹಾಗಾದ್ರೆ ಅಲ್ಲಿ ಯಾರಮ್ಮಾ ಕೂರೋದು?” ಎಂದು ಕೇಳುತ್ತಲೇ ಮೆಂಬರು ಚಾಪೆಗಿಳಿದರು.

ಅಕ್ಕನ ಕೈ ಕುರ್ಚಿಯ ತೋಳಿನ ಮೇಲಿತ್ತು. ಟಕ್ ಟಕ್ ಎಂಬ ಸದ್ದು ಎಲ್ಲರಿಗೂ ಕೇಳುತ್ತಿತ್ತು. ಊರಿಗೆಲ್ಲ ಮಾತು ಕಲಿಸಹೊರಟವಳು ಬಿಳಿಚಿಕೊಂಡು ನಿಂತಿದ್ದಳು. ಮೆಂಬರು ಬಾಗಿಲ ಕಡೆ ನೋಡಿ, “ಮನೆಯ ಗಂಡಸ್ರನ್ನೇ ಕರೀರಿ, ಅವರತ್ರ ಮಾತಾಡ್ತೀನಿ” ಎಂದರು.

ಆಗ ಒಳಕೋಣೆಯಿಂದ ಅತ್ತೆ ಗೋಡೆ ಹಿಡಿದು ಬಂದರು. ನಾನು ಓಡಿಹೋಗಿ ತೋಳು ಹಿಡಿದೆ. ಹೆಂಗಸರೆಲ್ಲ ಧಡಕ್ಕನೆ ಎದ್ದು ನಿಂತರು. ಇಂದಿಗೆ ಸಮಾಜ ಮುಗಿಯಿತು ಎಂದುಕೊಂಡೆ.

ಅತ್ತೆ ಕುರ್ಚಿಯ ಬಳಿ ಬಂದು, ನನ್ನ ಕೈ ಬಿಡಿಸಿಕೊಂಡು, ಮೆಲ್ಲಗೆ ನೆಲದ ಮೇಲೆ ಕೂತರು. ಕುಸಿಯಲಿಲ್ಲ, ನೆರಿಗೆ ಸರಿಮಾಡಿಕೊಂಡು ಕೂತರು. ಕುಸಿಯುವವರು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಾರೆಯೇ?

“ನಾನು ಕೆಳಗೆ ಕೂತಾಯ್ತಲ್ಲೇ. ಇನ್ನೇನು? ಕೂತ್ಕೋ” ಎಂದರು ಅಕ್ಕನಿಗೆ. “ನನ್ನ ಕಾಲ ನಿಂತೇ ಮುಗೀತು. ನೀನು ಕೂತು ಹೇಳು. ನಾನೂ ಕೇಳ್ತೀನಿ.”

ಅಕ್ಕ ಕೂತಳು. ಕಣ್ಣೊರೆಸಿಕೊಂಡು ಹೇಳಿದಳು. ಬೇಡಿಕೊಳ್ಳಲಿಲ್ಲ, ಹೇಳಿದಳು. ಶಾಲೆ ಹೊಳೆ ದಾಟಲಿಲ್ಲ. ಅವಳ ಮಗಳು ಅದರಲ್ಲೇ ಓದು ಮುಂದುವರಿಸಿದಳು.

ಆದರೆ ಆ ಮಧ್ಯಾಹ್ನ ನನ್ನನ್ನು ಬೆರಗುಗೊಳಿಸಿದ್ದು ಬೇರೆಯೇ. ಅಕ್ಕ ಅಷ್ಟು ಹೊತ್ತು ಕೈಬೀಸಿ ಮಾತಾಡಿದರೂ ಕುರ್ಚಿ ಒಮ್ಮೆಯೂ ಟಕ್ ಎನ್ನಲಿಲ್ಲ. ಏಕೆಂದು ಬಗ್ಗಿ ನೋಡಿದೆ. ನೆಲದಲ್ಲಿ ಕೂತಿದ್ದ ಅತ್ತೆ, ನರ ಎದ್ದ ಎರಡೂ ಕೈಗಳಿಂದ, ಆ ಸಡಿಲ ಕಾಲನ್ನು ಅಲುಗದಂತೆ ಹಿಡಿದುಕೊಂಡಿದ್ದರು.