ಎಮ್ಮೆ ತೊಗಲಿನ ಪಟ್ಟಿ, ನನ್ನ ಎರಡು ಕೆನ್ನೆ

ಚರ್ಮದ ಕೆಲಸ ಮಾಡುವವನನ್ನು ನಗು ತರುವ ಸಂಗತಿಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ನಗು ಮಾತ್ರ ತಡವಾಗಿ ಬರುತ್ತದೆ. ಕೆಲವಕ್ಕೆ ನಾಲ್ಕೈದು ವರ್ಷ ಹಿಡಿದದ್ದೂ ಇದೆ.

ನಾನು ಮುಳಬಾಗಿಲು ಕಡೆ ಆವನಿಯ ಹತ್ತಿರದವನು. ಅಪ್ಪ ಮೆಟ್ಟು ಹೊಲಿಯುತ್ತಿದ್ದ, ನಾನು ಕ್ಷೌರದ ಕತ್ತಿಗೆ ಪಟ್ಟಿ ಮಾಡುತ್ತೇನೆ. ಬ್ಲೇಡು ಬರುವುದಕ್ಕೆ ಮುಂಚೆ ಊರಿನ ಗಡ್ಡವನ್ನೆಲ್ಲ ತೆಗೆಯುತ್ತಿದ್ದ ಮಡಚುವ ಕತ್ತಿ ಇತ್ತಲ್ಲ, ಅದನ್ನು ಮುಖಕ್ಕೆ ಹಾಕುವ ಮೊದಲು ಪ್ರತಿ ಸಲ ಒಂದು ಚರ್ಮದ ಪಟ್ಟಿಯ ಮೇಲೆ ಆ ಕಡೆ ಈ ಕಡೆ ಎಳೆಯಬೇಕು. ಮೂರು ಬೆರಳಗಲ, ಒಂದೂವರೆ ಅಡಿ ಉದ್ದ, ತಂಗಡಿ ತೊಗಟೆ ನೀರಿನಲ್ಲಿ ಹದ ಮಾಡಿದ ಎಮ್ಮೆ ತೊಗಲು. ಈಗ ಆ ಕತ್ತಿ ಮತ್ತೆ ಶೋಕಿಯಾಗಿದೆ, ಹಾಗಾಗಿ ನನಗೂ ಕೈತುಂಬ ಕೆಲಸ.

ಹರಿತ

ನಮ್ಮ ಹೋಬಳಿಯ ಬಸ್‌ಸ್ಟಾಪಿನ ಪಕ್ಕದಲ್ಲಿ ಒಂದು ಸೆಲೂನ್ ಇದೆ. ಅದರ ಯಜಮಾನ ಒಂದು ದಿನ ಹೇಳಿಕಳಿಸಿದ. ಹಳೇ ಕತ್ತಿಯಲ್ಲಿ ಶೇವ್ ಮಾಡಿಸಿಕೊಂಡು ವಿಡಿಯೋ ತೆಗೆಯುವ ಗಿರಾಕಿಗಳು ಬರುತ್ತಿದ್ದಾರಂತೆ, ಫೋನಿನಲ್ಲಿ ತರಿಸಿದ ಪಟ್ಟಿ ತಿಂಗಳಿಗೇ ಸಿಪ್ಪೆ ಎದ್ದಿದೆಯಂತೆ, ನನ್ನದು ಎರಡು ತಂದರೆ ಹೋಲಿಸಿ ನೋಡಿ ಒಂದು ಇಟ್ಟುಕೊಳ್ಳುತ್ತಾನಂತೆ.

ದಪ್ಪದ್ದೊಂದು, ತೆಳುವಿನದ್ದೊಂದು ತೆಗೆದುಕೊಂಡು ಹೋದೆ. ಕನ್ನಡಿ ಪಕ್ಕದ ಮೊಳೆಗೆ ಒಂದಾದ ಮೇಲೊಂದು ಸಿಕ್ಕಿಸಿ ಕತ್ತಿ ಎಳೆದು ನೋಡಿದ. ತನ್ನ ತಲೆಯಿಂದಲೇ ಒಂದು ಕೂದಲು ಕಿತ್ತು ಅಲಗಿನ ಮೇಲೆ ಬಿಟ್ಟ. ದಪ್ಪ ಪಟ್ಟಿಯಲ್ಲಿ ಎಳೆದ ಕತ್ತಿಗೆ ಕೂದಲು ತಾಕಿದ್ದೇ ಎರಡಾಯಿತು. ಅವನ ಮುಖ ಅರಳಿತು. ನನ್ನದೂ ಅರಳಿತು. ಅದೇ ಗುಂಗಿನಲ್ಲಿ ಹೋಗಿ ಕುರ್ಚಿಯಲ್ಲಿ ಕೂತುಬಿಟ್ಟೆ.

ನಮ್ಮ ಕೇರಿಯವರ ಮುಖಕ್ಕೆ ಆ ಅಂಗಡಿಯಲ್ಲಿ ಯಾವತ್ತೂ ಕತ್ತಿ ತಾಕಿದ್ದಿಲ್ಲ. ಗೊತ್ತಿತ್ತು. ಆದರೆ ಈಗ ಗಾಜಿನ ಬಾಗಿಲಾಗಿದೆ, ಬಣ್ಣದ ದೀಪ ಬಂದಿದೆ, ಕಾಲ ಬದಲಾಗಿರಬಹುದು ಅಂದುಕೊಂಡೆ. ಬೆಂಚಿನಲ್ಲಿ ಕಾಯುತ್ತಿದ್ದ ಇಬ್ಬರು ಪೇಪರು ಕೆಳಗಿಳಿಸಿದರು. ಯಜಮಾನ ಕರೆಂಟಿಲ್ಲ ಅಂದ. ಕತ್ತಿಗೆ ಕರೆಂಟು ಯಾಕೆ ಅಂದೆ. ನೀರಿಲ್ಲ ಅಂದ. ನೀರಿನ ಬಾಟಲು ಅವನ ಕೈಯಲ್ಲೇ ಇತ್ತು. ಕೊನೆಗೆ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ:

“ನಿನ್ನ ಪಟ್ಟಿ ಮೇಲೆ ಎಳೆದು ಕತ್ತಿ ಸಿಕ್ಕಾಪಟ್ಟೆ ಹರಿತ ಆಗೋಯ್ತು ಕಣಪ್ಪ. ನಿಂಗೆ ಹಾಕೋಕೆ ನಂಗೆ ಭಯ.”

ನಾನು ಎದ್ದೆ. ಅವನು ಕುರ್ಚಿಯನ್ನು ಎರಡು ಸಲ ಒರೆಸಿ, ಬೆಂಚಿನ ಮೇಲಿದ್ದವನನ್ನು ಕೂರಿಸಿ, ಸ್ವಲ್ಪವೂ ಭಯವಿಲ್ಲದೆ ಅದೇ ಕತ್ತಿ ಹಾಕಿದ.

ಕೈಕೆಲಸದವರ ಮುಖ

ನಾನು ಮಾಡುವ ಪಟ್ಟಿಗಳಲ್ಲಿ ಮುಕ್ಕಾಲು ಭಾಗ ಮಾಲೂರಿನ ಒಬ್ಬ ವ್ಯಾಪಾರಿಗೆ ಹೋಗುತ್ತದೆ. ಅವನು ಅದಕ್ಕೆ ಹಿತ್ತಾಳೆ ಕೊಂಡಿ ಹಾಕಿ, ನಾಲಿಗೆ ಹೊರಳದ ಒಂದು ವಿದೇಶಿ ಹೆಸರಿನ ಮುದ್ರೆ ಒತ್ತಿ ಮಾರುತ್ತಾನೆ. ಒಂದು ದಿನ ಫೋಟೋಗ್ರಾಫರನ ಜೊತೆ ನಮ್ಮ ಮನೆಗೆ ಬಂದ. ಕೈಯಿಂದಲೇ ಮಾಡಿದ್ದು ಅಂತ ಗಿರಾಕಿಗೆ ನಂಬಿಕೆ ಬರಬೇಕಾದರೆ ಮಾಡುವವನ ಫೋಟೋ ಬೇಕಂತೆ.

ನಾನು ಮುಖ ತೊಳೆದು ಮದುವೆಗೆ ಹಾಕುವ ಅಂಗಿ ಹಾಕಿಕೊಂಡು ಬಂದೆ. ಆ ಅಂಗಿ ಬೇಡ ಅಂದರು. ಮಾಸಿದ ಬನಿಯನ್ನಿನಲ್ಲಿ ಕೂತೆ. ಅದೂ ಸರಿಹೋಗಲಿಲ್ಲ. ಫೋಟೋಗ್ರಾಫರು ಹತ್ತು ಫೋಟೋ ತೆಗೆದು, ವ್ಯಾಪಾರಿಯನ್ನು ಪಕ್ಕಕ್ಕೆ ಕರೆದು ಏನೋ ಹೇಳಿದ. ವ್ಯಾಪಾರಿ ಬಂದು, ಬೇಜಾರು ಮಾಡಿಕೊಳ್ಳಬೇಡ, ನಿನ್ನ ಮುಖ ಕೈಕೆಲಸದವರ ಮುಖದ ತರಹ ಇಲ್ಲ ಅಂದ.

ಕಾರಿನಲ್ಲಿ ಅವನ ಭಾವಮೈದ ಕೂತಿದ್ದ. ಬೆಳ್ಳಗೆ, ಎತ್ತರಕ್ಕೆ, ಕನ್ನಡಕ ಹಾಕಿಕೊಂಡು. ಅವನನ್ನು ನನ್ನ ಮಣೆ ಮೇಲೆ ಕೂರಿಸಿ, ನನ್ನ ಉಳಿ ಅವನ ಕೈಗೆ ಕೊಟ್ಟರು. ಉಲ್ಟಾ ಹಿಡಿದಿದ್ದೀರಿ ಅಂತ ನಾನು ಹೇಳುವಷ್ಟರಲ್ಲಿ ಹೆಬ್ಬೆರಳು ಕೊಯ್ದುಕೊಂಡ. ನನ್ನ ಹೆಂಡತಿ ಅರಿಶಿನ ಒತ್ತಿ ಬಟ್ಟೆ ಕಟ್ಟಿದಳು. ಇವತ್ತಿಗೆ ಬಿಡೋಣ ಅಂತ ವ್ಯಾಪಾರಿ ಹೇಳಿದರೆ ಫೋಟೋಗ್ರಾಫರು ಒಪ್ಪಲಿಲ್ಲ. ಆ ಬಟ್ಟೆ ಕಟ್ಟಿದ ಬೆರಳೇ ಚೆನ್ನಾಗಿ ಬರುತ್ತೆ ಅಂದ.

ಫೋಟೋ ಈಗಲೂ ಫೋನಿನಲ್ಲಿ ನೋಡಬಹುದು. ಕೆಳಗೆ ಬರೆದಿದ್ದಾರೆ: “ಮೂವತ್ತು ವರ್ಷದ ಅನುಭವ.” ಭಾವಮೈದನಿಗೆ ಇಪ್ಪತ್ತೆಂಟು.

ಎರಡೂವರೆ ಮಾರ್ಕು

ಕೋಲಾರದಲ್ಲಿ ಒಬ್ಬ ನಿವೃತ್ತ ಇಂಜಿನಿಯರ್ ಇದ್ದಾರೆ. ಪಟ್ಟಿಗಳನ್ನು ತರಿಸಿ ಹೋಲಿಸುವುದೇ ಅವರ ಹವ್ಯಾಸ. ಗೋಡೆಯ ಮೇಲೆ ಏಳು ನೇತುಹಾಕಿದ್ದಾರೆ. ಪ್ರತಿಯೊಂದರ ಮೇಲೂ ಕತ್ತಿಯನ್ನು ಅರವತ್ತು ಸಲ ಎಳೆದು, ಕೂದಲು ಕತ್ತರಿಸಿ ನೋಡಿ, ನೋಟ್‌ಬುಕ್ಕಿನಲ್ಲಿ ಹತ್ತಕ್ಕೆ ಇಷ್ಟು ಅಂತ ಮಾರ್ಕು ಹಾಕುತ್ತಾರೆ. ಅವರ ಗಡ್ಡ ಮಾತ್ರ ಎದೆಯವರೆಗೆ ಇಳಿದಿದೆ. ಕೈ ನಡುಗುತ್ತದಂತೆ, ಮುಖಕ್ಕೆ ಕತ್ತಿ ಹಾಕಬೇಡಿ ಅಂದಿದ್ದಾರಂತೆ ಡಾಕ್ಟರು.

ನನ್ನಿಂದ ನೇರವಾಗಿ ಒಂದು ಪಟ್ಟಿ ತೆಗೆದುಕೊಂಡಿದ್ದರು. ಅದರ ಗತಿ ಏನಾಯಿತು ನೋಡೋಣ ಅಂತ ಹೋದೆ. ನನ್ನದಕ್ಕೆ ಎರಡೂವರೆ ಬಿದ್ದಿತ್ತು. ಪಕ್ಕದಲ್ಲಿ ನೇತಾಡುತ್ತಿದ್ದ ವಿದೇಶಿ ಹೆಸರಿನ ಪಟ್ಟಿಗೆ ಒಂಬತ್ತು. ಆ ಒಂಬತ್ತನ್ನು ಕೈಗೆ ತೆಗೆದುಕೊಂಡೆ. ತುದಿಯಿಂದ ಎರಡಂಗುಲದ ಹತ್ತಿರ ಅಂಚು ಒಂದಿಷ್ಟು ಒಳಗೆ ಹೋಗಿತ್ತು. ಅದನ್ನು ನಾನು ಕತ್ತರಿಸುವಾಗ ನನ್ನ ಮೊಮ್ಮಗಳು ಹಿಂದಿನಿಂದ ಬಂದು ಭುಜಕ್ಕೆ ಜೋತುಬಿದ್ದಿದ್ದಳು.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎರಡೂ ಒಂದೇ ಎಮ್ಮೆಯ ಬೆನ್ನು ಸಾರ್, ಅದು ಬಲಗಡೆ, ಇದು ಎಡಗಡೆ. ಅವರು ಕನ್ನಡಕ ಹಾಕಿಕೊಂಡು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಮೂಸಿ ನೋಡಿದರು. ಕೊನೆಗೆ ತಲೆಯಾಡಿಸಿದರು.

“ನೋಡು, ಆ ಕಂಪನಿಯವರು ನಿಂಗೆ ಎಷ್ಟು ಚೆನ್ನಾಗಿ ಟ್ರೈನಿಂಗ್ ಕೊಟ್ಟಿದಾರೆ. ಅಲ್ಲಿ ಕಲಿತದ್ದನ್ನ ನಿನ್ನ ಸ್ವಂತ ಪಟ್ಟಿಗೂ ಸ್ವಲ್ಪ ಹಾಕಬಾರದಾ?”

ಹೊರಡುವಾಗ ಪಾಪ, ನನ್ನ ಎರಡೂವರೆಯನ್ನು ಮೂರು ಮಾಡಿದರು. ಅರ್ಧ ಮಾರ್ಕು ಸತ್ಯ ಹೇಳಿದ್ದಕ್ಕೆ.

ಎಡಗೆನ್ನೆ, ಬಲಗೆನ್ನೆ

ಆದರೂ ಇಂಜಿನಿಯರನ್ನು ನನ್ನ ಮಾತು ಕೊರೆಯುತ್ತಿತ್ತು ಅಂತ ಕಾಣುತ್ತದೆ. ಕೋಲಾರದಲ್ಲಿ ಕತ್ತಿಶೋಕಿಯವರು ಹನ್ನೆರಡು ಜನ ಸೇರುವವರಿದ್ದರು. ಅಲ್ಲಿ ಎರಡು ಪಟ್ಟಿಯನ್ನೂ ಒಂದೇ ಮುಖದ ಮೇಲೆ ಪರೀಕ್ಷೆ ಮಾಡೋಣ ಅಂತ ಫೋನು ಮಾಡಿದರು. ಎಡಗೆನ್ನೆಗೆ ವಿದೇಶಿ ಪಟ್ಟಿಯಲ್ಲಿ ಎಳೆದ ಕತ್ತಿ, ಬಲಗೆನ್ನೆಗೆ ನನ್ನ ಹೆಸರಿನ ಪಟ್ಟಿಯಲ್ಲಿ ಎಳೆದದ್ದು. ಮುಖ ನನ್ನದೇ. ಹದಿನೈದು ದಿನ ಗಡ್ಡ ತೆಗೆಯಬೇಡ ಅಂದರು.

ಶೇವ್ ಮಾಡಿದ್ದು ಅವರಲ್ಲೇ ಒಬ್ಬ ಫ್ಯಾಕ್ಟರಿ ಮ್ಯಾನೇಜರು. ಒಳ್ಳೆ ಕೈ. ಎಡಗೆನ್ನೆ ಬೆಣ್ಣೆಯಾಯಿತು. ಹನ್ನೆರಡು ಜನರೂ ಸಾಲಾಗಿ ಬಂದು ಮುಟ್ಟಿ ನೋಡಿದರು. ಕೈ ತಾಕಬಾರದು ಅಂತ ಸಾಮಾನನ್ನು ಕಟ್ಟೆಯ ಮೇಲೆ ಇಟ್ಟು ಹಿಂದೆ ಸರಿಯುವವರನ್ನು ನೋಡಿ ಬೆಳೆದವನು ನಾನು. ಆ ಕೈಗಳು ಸವರಲಿ ಅಂತ ಕೆನ್ನೆಯನ್ನು ಇನ್ನಷ್ಟು ಮುಂದಕ್ಕೆ ಒಡ್ಡಿದೆ. ಆಮೇಲೆ ಗೊತ್ತಾಯಿತು, ಅವರು ಮುಟ್ಟುತ್ತಿದ್ದದ್ದು ವಿದೇಶಿ ಪಟ್ಟಿಯನ್ನು.

ಬಲಗೆನ್ನೆ ಊಟ ಆದ ಮೇಲೆ ಅಂದರು. ಊಟ ಆದ ಮೇಲೆ ಇಂಜಿನಿಯರು ಎದ್ದು ನಿಂತು, ಎಡಗೆನ್ನೆ ಇಷ್ಟು ಚೆನ್ನಾಗಿ ಬಂದಿರುವಾಗ ಇನ್ನೊಂದನ್ನು ನೋಡುವ ಅಗತ್ಯವೇ ಕಾಣುವುದಿಲ್ಲ ಅಂತ ಫಲಿತಾಂಶ ಹೇಳಿದರು. ಚಪ್ಪಾಳೆ ಬಿತ್ತು. ಮ್ಯಾನೇಜರು ಕತ್ತಿ ಒರೆಸಿ ಪೆಟ್ಟಿಗೆಗೆ ಹಾಕಿ ಹೊರಟೇಹೋದ.

ಅರ್ಧ ಗಡ್ಡದಲ್ಲೇ ಮುಳಬಾಗಿಲಿನ ಬಸ್ಸು ಹತ್ತಿದೆ. ಸಿಟ್ಟು ಎಷ್ಟಿತ್ತೆಂದರೆ ನಾಚಿಕೆಗೆ ಜಾಗವೇ ಇರಲಿಲ್ಲ. ಎಡಗಡೆ ಕಿಟಕಿಯ ಹತ್ತಿರ ಒಬ್ಬರು ಹಿರಿಯರು ಕೂತಿದ್ದರು, ಯಲ್ದೂರಿನಲ್ಲಿ ಮಾವಿನ ತೋಪು ಇರುವವರಂತೆ. ನಾನು ಕತ್ತು ತಿರುಗಿಸದೆ ನೆಟ್ಟಗೆ ಕೂತೆ. ಅವರಿಗೆ ಕಾಣುತ್ತಿದ್ದದ್ದು ನುಣುಪು ಕೆನ್ನೆ. “ತಾವು ಏನ್ ಕೆಲಸದಲ್ಲಿದೀರಿ ಸಾರ್?” ಅಂತ ಕೇಳಿದರು.

“ಚರ್ಮದ ಕೆಲಸ” ಅಂದೆ.

ಅಷ್ಟರಲ್ಲಿ ಬಲಗಡೆಯಿಂದ ಕಂಡಕ್ಟರ್ ಬಂದ. ಅವನಿಗೆ ಕಂಡದ್ದು ಗಡ್ಡದ ಕೆನ್ನೆ. “ಏನ್ಲಾ, ಎಲ್ಲಿಗೆ?” ಅಂದ.

ಹಿರಿಯರಿಗೆ ರೇಗಿತು. ಚರ್ಮದ ಡಾಕ್ಟರನ್ನ ಹೀಗಾ ಮಾತಾಡಿಸೋದು ಅಂತ ಬೈದರು. ಕಂಡಕ್ಟರ್ ಬಗ್ಗಿ ಆ ಕಡೆಯ ಕೆನ್ನೆಯನ್ನೂ ನೋಡಿ, ಗೊಂದಲದಲ್ಲೇ ಸಾರಿ ಸಾರ್ ಅಂದು ಮುಂದಕ್ಕೆ ಹೋದ.

ಹಿರಿಯರು ಆಗಲೇ ತೋಳು ಮಡಚಿ ಮೊಣಕೈ ನನ್ನ ಮುಂದೆ ಹಿಡಿದಿದ್ದರು. ಮೂರು ವರ್ಷದಿಂದ ಒರಟಾಗಿದೆಯಂತೆ, ಎಷ್ಟು ಮುಲಾಮು ಹಚ್ಚಿದರೂ ಜಗ್ಗುತ್ತಿಲ್ಲವಂತೆ. ನಾನು ಡಾಕ್ಟರಲ್ಲ ಅಂತ ಹೇಳಲು ಬಾಯಿ ತೆರೆದೆ. ನಿಜ ಹೇಳಿ ಹೇಳಿ ಸಾಕಾಗಿತ್ತು. ಮೊಣಕೈ ಹಿಡಿದು, ಹೆಬ್ಬೆರಳಿನಿಂದ ಒತ್ತಿ, ಬೆಳಕಿಗೆ ತಿರುಗಿಸಿ ನೋಡಿದೆ. ಇಪ್ಪತ್ತು ದಿನ ತಂಗಡಿ ತೊಗಟೆ ನೀರಿನಲ್ಲಿ ನೆನೆಹಾಕಿ, ಹೊಂಗೆ ಎಣ್ಣೆ ತಿಕ್ಕಿ, ಎಳೆದು ಹಿಡಿದು ನೆರಳಿನಲ್ಲಿ ಒಣಗಿಸಿ ಅಂದೆ. ಅವರು ಟಿಕೆಟ್ಟಿನ ಹಿಂದೆ ಬರೆದುಕೊಂಡರು.

“ಗುಣ ಆಗುತ್ತಾ ಡಾಕ್ಟ್ರೇ?”

“ಇಲ್ಲಿವರೆಗೆ ನನ್ನ ಕೈಗೆ ಬಂದ ಯಾವ ಚರ್ಮನೂ ವಾಪಸ್ ಬಂದು ದೂರು ಹೇಳಿಲ್ಲ” ಅಂದೆ.