ಕಪ್ಪೆಗೆ ಮೂವತ್ತೆರಡು ಹಲ್ಲು

ಹೆಂಡತಿ ಬೇರೊಬ್ಬ ಗಂಡಸನ್ನು ಹೊಗಳಿದಾಗ ಹೊಟ್ಟೆ ಉರಿದರೆ ಆ ಉರಿಗೂ ಒಂದು ಮರ್ಯಾದೆ ಇರುತ್ತದೆ. ಇತಿಹಾಸದ ಮೇಷ್ಟ್ರಿಗೆ ಹೊಟ್ಟೆ ಉರಿಯುತ್ತಿದ್ದದ್ದು ಒಂದು ಕಪ್ಪೆಯ ಮೇಲೆ.

ಅದೇ ಶಾಲೆಯಲ್ಲಿ ವಿಜ್ಞಾನ ಕಲಿಸುವ ಅವರ ಹೆಂಡತಿ ಎಂಟನೇ ತರಗತಿಗೆಂದು ಒಂದು ವಿಕಿ ತೆರೆದಿದ್ದಳು. ಮಕ್ಕಳೆಲ್ಲ ಸೇರಿ ಬರೆಯುವ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದುವ ಜಾಲತಾಣ ಅದು. ಮೊದಲ ಪುಟ ಕಪ್ಪೆಯದು. ಸಂಜೆ ಅವಳು ಅದರ ಮುಂದೆ ಕೂತರೆ, ಪರದೆಯ ತೆಳು ಬೆಳಕಿನಲ್ಲಿ ಮುಖದ ಮೇಲೆ ಮದುವೆಯ ಹೊಸತರ ನಗು ಮೂಡುತ್ತಿತ್ತು. ಪಕ್ಕದಲ್ಲಿ ಮೇಷ್ಟ್ರು ಈರುಳ್ಳಿ ಹೆಚ್ಚುತ್ತಿದ್ದರು. (ಕಣ್ಣೀರಿಗೆ ಈರುಳ್ಳಿಯೇ ಕಾರಣವೆಂದು ಅವರ ಹೇಳಿಕೆ.)

"ನೋಡ್ರೀ, ಕ್ಲಾಸಲ್ಲಿ ಬಾಯೇ ಬಿಡದ ಹುಡುಗಿ, ಎಷ್ಟು ಚೆನ್ನಾಗಿ ಬರೆದಿದ್ದಾಳೆ!"

"ಅದೇ ತಾಣದಲ್ಲಿ ನನ್ನದೂ ಒಂದು ಪುಟ ಇದೆ. ಮಹಾಯುದ್ಧದ್ದು."

"ಅದಕ್ಕೆ ಬೀಗ ಹಾಕಿಟ್ಟಿದ್ದೀರಲ್ಲ! ಮಕ್ಕಳು ತಿದ್ದೋದು ಹೇಗೆ?"

"ಇತಿಹಾಸ ತಿದ್ದೋಕೆ ಅವರ್ಯಾರು?"

ಆ ಪುಟಕ್ಕೆ ಒಂದು ತಿಂಗಳಲ್ಲಿ ಭೇಟಿ ಕೊಟ್ಟವರು ಒಬ್ಬರೇ. (ಹೌದು, ಅವರೇ.) ಈ ನಡುವೆ ಮುಖ್ಯೋಪಾಧ್ಯಾಯರು ವರ್ಷದ ಉತ್ತಮ ಶಿಕ್ಷಕರ ಹೆಸರನ್ನು ಶುಕ್ರವಾರ ಹೇಳುವವರಿದ್ದರು. ಐದು ವರ್ಷದಿಂದ ಆ ಹೆಸರು ಮೇಷ್ಟ್ರದೇ. ಆ ಸಿಂಹಾಸನದ ಮೇಲೆ ಕಪ್ಪೆ ಹಾರಿ ಕೂರುವುದೇ?

ಹೆಂಡತಿ ಸ್ನಾನಕ್ಕೆ ಹೋದ ಹೊತ್ತು ನೋಡಿ ಮೇಷ್ಟ್ರು ಅವಳ ಪುಟದ ಮೇಲೆ ದಂಡೆತ್ತಿ ಹೋದರು. 'ಕಪ್ಪೆಗೆ ಮೂವತ್ತೆರಡು ಹಲ್ಲು' ಎಂದು ಬರೆದರು. ಮರುದಿನ, 'ಕಪ್ಪೆ ಮರಿಗಳಿಗೆ ಹಾಲೂಡಿಸುತ್ತದೆ.' ಮೂರನೇ ದಿನ ಕೈ ಪಳಗಿ, ಕಪ್ಪೆಗೆ ಎರಡು ಕೊಂಬೂ ಮೂಡಿಸಿದರು.

ಶುಕ್ರವಾರ ಮುಖ್ಯೋಪಾಧ್ಯಾಯರು ವಿಜ್ಞಾನದ ತರಗತಿಗೆ ಬಂದಾಗ ಮೇಷ್ಟ್ರು ಕಿಟಕಿಯ ಹೊರಗೆ ಹಾಜರಿದ್ದರು. ಗೋಡೆಯ ಮೇಲೆ ಕಪ್ಪೆಯ ಪುಟ ಮೂಡಿತು. ಕೊಂಬು ಇರಲಿಲ್ಲ! ಪ್ರತಿ ತಪ್ಪನ್ನೂ ಮಕ್ಕಳು ಪುಸ್ತಕ ಹುಡುಕಿ ಅಂದಂದೇ ತಿದ್ದಿದ್ದರು. ಅದನ್ನು ತೋರಿಸಲು ಹುಡುಗಿಯೊಬ್ಬಳು ಬದಲಾವಣೆಗಳ ಪಟ್ಟಿ ತೆರೆದಳು. ಯಾರು, ಯಾವಾಗ, ಏನು ಬರೆದರು ಎಂಬುದೆಲ್ಲ ಅಲ್ಲಿತ್ತು. ತಪ್ಪುಗಳ ಎದುರು ಸಾಲಾಗಿ ಒಂದೇ ಹೆಸರು: 'ಇತಿಹಾಸ ಸಾರ್ವಭೌಮ'. ತಮ್ಮ ಯುದ್ಧದ ಪುಟಕ್ಕೆಂದು ಮೇಷ್ಟ್ರು ತಾವೇ ಇಟ್ಟುಕೊಂಡ ಬಿರುದು. ಪುಟಕ್ಕೂ ಒಂದು ಇತಿಹಾಸವಿರುತ್ತದೆಂದು ಇತಿಹಾಸದ ಮೇಷ್ಟ್ರಿಗೇ ಗೊತ್ತಿರಲಿಲ್ಲ.

"ಬೇಕಂತಲೇ ತಪ್ಪು ಹಾಕಿ ಮಕ್ಕಳ ಕೈಲಿ ಹುಡುಕಿಸೋದು! ಭಲೇ!" ಎಂದರು ಮುಖ್ಯೋಪಾಧ್ಯಾಯರು. "ಇದು ನಿಮ್ಮ ಉಪಾಯನಾ ಮೇಡಂ?"

ಅವಳು ಒಮ್ಮೆ ಪಟ್ಟಿಯನ್ನು, ಒಮ್ಮೆ ಕಿಟಕಿಯನ್ನು ನೋಡಿದಳು. "ಇಲ್ಲ ಸಾರ್. ತಪ್ಪಿನ ಕೀರ್ತಿಯೆಲ್ಲ ನಮ್ಮನೆಯವರಿಗೇ ಸೇರಬೇಕು."

ಪ್ರಶಸ್ತಿ ಅವಳಿಗೆ ಹೋಯಿತು. ಮೇಷ್ಟ್ರಿಗೆ ಹುದ್ದೆ ಸಿಕ್ಕಿತು: ಆ ಪುಟಕ್ಕೆ ವಾರಕ್ಕೊಂದು ತಪ್ಪು ಒದಗಿಸುವುದು. ಇದರಲ್ಲಾದರೂ ತಮ್ಮನ್ನು ಮೀರಿಸುವವರು ಇರಬಾರದೆಂದು ಸಂಜೆಯೆಲ್ಲ ಯೋಚಿಸಿ ಬರೆದರು: 'ಕಪ್ಪೆ ಬಾಯಿಂದ ನೀರು ಕುಡಿಯುವುದೇ ಇಲ್ಲ.'

ಐದೇ ನಿಮಿಷಕ್ಕೆ ಕೆಳಗೊಂದು ಉತ್ತರ ಬಂತು:

'ಸಾರ್, ಇದು ನಿಜ. ಕಪ್ಪೆ ಚರ್ಮದಿಂದಲೇ ನೀರು ಹೀರುತ್ತೆ. ತಪ್ಪು ಬರೆಯೋದು ಹೇಗೆ ಅಂತ ಮೇಡಂ ಹತ್ರ ಕೇಳಿಕೊಂಡು ಬನ್ನಿ.'