ಹನ್ನೆರಡು ಸಾವಿರದ ಮನುಷ್ಯ

ಬ್ಯಾಂಕಿನ ಬಹುಮಾನ ಕಾರ್ಡುಗಳ ಸಾಲದ ಮಿತಿಯನ್ನು ನಿಗದಿ ಮಾಡುವ ಮಹನೀಯರಿಗೆ, ಅಥವಾ ಆ ಕುರ್ಚಿಯಲ್ಲಿ ಈಗ ಮನುಷ್ಯರು ಕೂರುವುದಿಲ್ಲವಾದರೆ ಆ ಕೆಲಸ ಮಾಡುವ ಯಂತ್ರಕ್ಕೆ,

ಮಾನ್ಯರೇ,

ಸುರಪುರದಲ್ಲಿ ತಂದೆಯ ಕಾಲದಿಂದ ಒಂದು ಸಣ್ಣ ಮುದ್ರಣಾಲಯವನ್ನು ನಡೆಸಿಕೊಂಡು ಬಂದಿರುವ ಅಮರಪ್ಪನೆಂಬವನು ತಮ್ಮ ಸಮಕ್ಷಮಕ್ಕೆ ಮಾಡುವ ಶರಣು. ಇಲ್ಲಿ ನಾವು ಕ್ಷೇಮ, ಕಾಲುವೆಗೆ ನೀರು ಬಿಟ್ಟಿದ್ದಾರೆ, ಲಗ್ನದ ಹಂಗಾಮು ಹತ್ತಿರ ಬಂದಿದೆ. ತಮ್ಮ ಕ್ಷೇಮವನ್ನು ಕೇಳುವ ಅಗತ್ಯ ಬೀಳಲಿಲ್ಲ, ಏಕೆಂದರೆ ಬೆಳಗಾದರೆ ತಮ್ಮ ಸಂದೇಶ ನನ್ನ ಮೊಬೈಲಿಗೆ ಬಂದಿರುತ್ತದೆ, ಮತ್ತು ಅದರಲ್ಲಿ ತಾವು ನನ್ನನ್ನು 'ಪ್ರಿಯ ಗ್ರಾಹಕರೇ' ಎಂದು ಕರೆದಿರುತ್ತೀರಿ. ನನ್ನನ್ನು ದಿನಾಲೂ ಪ್ರಿಯ ಎಂದು ಕರೆಯುವವರು ಈ ಭೂಮಿಯ ಮೇಲೆ ತಾವೊಬ್ಬರೇ ಆಗಿರುವುದರಿಂದ, ಈ ಪತ್ರವನ್ನು ಕೋಪದಿಂದ ಬರೆಯುತ್ತಿದ್ದೇನೆಂದು ದಯವಿಟ್ಟು ತಿಳಿಯಬಾರದು.

ತಮ್ಮ ಕಾರ್ಡುಗಳನ್ನು ಜನರಿಗೆ ಮುಟ್ಟಿಸುವ ಕೆಲಸಕ್ಕೆ ಯಾದಗಿರಿಯಿಂದ ಓಡಾಡುವ ಆಮೀನಾ ಎಂಬ ಹೆಣ್ಣುಮಗಳು ಕರಪತ್ರ ಮುದ್ರಿಸಿಕೊಳ್ಳಲು ನನ್ನಲ್ಲಿಗೆ ಬಂದಿದ್ದಳು. ಒಣಗಲು ಹರವಿದ್ದ ಲಗ್ನಪತ್ರಿಕೆಗಳನ್ನು ನೋಡುತ್ತಾ, "ಕಾಕಾ, ಊರ ಮಂದಿಗೆಲ್ಲಾ ಕಾರ್ಡ್ ಹೊಡದು ಕೊಡ್ತೀರಿ, ನಿಮ್ದಂತ ಒಂದು ಕಾರ್ಡ್ ಬ್ಯಾಡೇನ್ರಿ? ಖರ್ಚು ಮಾಡಿದ್ದಕ್ಕೆಲ್ಲಾ ಪಾಯಿಂಟ್ ಬರ್ತಾವ, ಪಾಯಿಂಟಿಗೆ ಬಹುಮಾನ ಬರ್ತಾವ" ಎಂದಳು. ಖರ್ಚು ಮಾಡಿದವನಿಗೆ ಬಹುಮಾನ ಕೊಡುವ ಪದ್ಧತಿ ನಮ್ಮ ಕಡೆ ಇರಲಿಲ್ಲ. ಇಲ್ಲಿ ಖರ್ಚು ಮಾಡಿದವನಿಗೆ ಮನೆಯಲ್ಲಿ ಬೈಗುಳ ಬರುತ್ತಿತ್ತು. ಆ ಹೊಸತನಕ್ಕೆ ಮರುಳಾಗಿ ಬೆರಳಚ್ಚು ಕೊಟ್ಟೆ.

ಕಾರ್ಡು ಬಂತು. ಮುದ್ರಕನಾಗಿ ಹೇಳುತ್ತೇನೆ, ಅಂಥ ಕೆಲಸ ನನ್ನ ಕೈಯಿಂದ ಆಗದು. ಕಪ್ಪು ನೆಲ, ಅಂಚಿಗೆ ಸಣ್ಣ ಬಂಗಾರದ ಗೆರೆ, ಉಬ್ಬಿ ನಿಂತ ನನ್ನ ಹೆಸರು. ನಾರಾಯಣಪುರದ ಕಡೆಯಿಂದ ಕಾಲುವೆ ಬಂದು ಭತ್ತ ಕಾಣತೊಡಗಿದ ಮೇಲೆ ನಮ್ಮ ಲಗ್ನಪತ್ರಿಕೆಗಳ ಕಾಗದ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಾ ಬಂದಿದೆ. ಯಾವ ಊರಿಗೆ ನೀರು ಮುಟ್ಟಿದೆ, ಯಾವ ಊರಿಗೆ ಮುಟ್ಟಿಲ್ಲ ಎಂಬುದನ್ನು ಪತ್ರಿಕೆಯನ್ನು ಬೆರಳಲ್ಲಿ ಹಿಡಿದೇ ಹೇಳಬಲ್ಲೆ. ಆ ಲೆಕ್ಕದಲ್ಲಿ ತಮ್ಮ ಕಾರ್ಡು ಕಾಲುವೆಯ ಬಾಯಲ್ಲಿ ಕುಳಿತಿರುವ ಊರಿನದು. ಅದರ ಹಿಂದೆಯೇ ಬಂದ ಸಂದೇಶದಲ್ಲಿದ್ದ ಮಿತಿ ಮಾತ್ರ ಕಾಲುವೆಯ ಕೊನೆಯಂಚಿನ ಊರಿನದು: ಹನ್ನೆರಡು ಸಾವಿರ ರೂಪಾಯಿ. ಅಭಿನಂದನೆಗಳು ಎಂದೂ ಬರೆದಿತ್ತು.

ಒಬ್ಬ ಮನುಷ್ಯನನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಯನ್ನು ನಾನು ಐವತ್ತು ದಾಟಿದ ಮೇಲೂ ನನ್ನ ವಿಷಯದಲ್ಲಿ ಬಗೆಹರಿಸಿಕೊಂಡಿರಲಿಲ್ಲ. ಕೆಲವು ದಿನ ಕನ್ನಡಿಯಲ್ಲಿ ನೋಡಿಕೊಂಡಾಗ ಏನನ್ನಾದರೂ ಕೊಡಬಹುದಾದ ಮುಖ ಎನಿಸುತ್ತದೆ, ಕೆಲವು ದಿನ ಒಂದು ಬೀಡಿಕಟ್ಟೂ ಕೊಡಬಾರದು ಎನಿಸುತ್ತದೆ. ತಾವು ನನ್ನನ್ನು ನೋಡದೆ, ನನ್ನ ಬೀದಿಗೆ ಬರದೆ, ಒಂದು ಲೋಟ ಚಹಾ ಸಹ ಕುಡಿಯದೆ ಅಂಕಿಯಲ್ಲಿ ಹೇಳಿಬಿಟ್ಟಿರಿ. ನಮ್ಮಲ್ಲಿ ಇದಕ್ಕೆ ಒಬ್ಬ ಮನುಷ್ಯ ಸಾಯುವ ತನಕ ಕಾಯುತ್ತಾರೆ.

ಇಷ್ಟಕ್ಕೇ ಮುಗಿದಿದ್ದರೆ ಕಾರ್ಡನ್ನು ದೇವರ ಗೂಡಿನಲ್ಲಿಟ್ಟು ಸುಮ್ಮನಾಗುತ್ತಿದ್ದೆ. ಆದರೆ ತಂಗಿ ಸೂಗಮ್ಮನ ಮಗಳು ಮಲಕಮ್ಮನ ಲಗ್ನ ಗೊತ್ತಾಯಿತು, ಮತ್ತು ಎರಡೂ ಕಡೆಯವರು ಕೂಡಿ ಜವಳಿಗೆ ಶಹಾಪುರಕ್ಕೆ ಹೋದೆವು. ತಮ್ಮ ಮಾಹಿತಿಗಾಗಿ ನಿವೇದಿಸುವುದೇನೆಂದರೆ, ಅಕ್ಕಿಕಾಳು ಬೀಳುವ ಹೊತ್ತಿಗೆ ಮದುಮಗಳು ಉಡುವ ಸೀರೆ ಸೋದರಮಾವನದು. ಅಂಗಡಿಯಲ್ಲಿ ಅವನು ಬೆಲೆ ಕೇಳುವಂತಿಲ್ಲ. ಹುಡುಗಿಯ ಕೈ ಯಾವ ಸೀರೆಯ ಮೇಲೆ ನಿಲ್ಲುತ್ತದೆಯೋ ಅದನ್ನು ಮಡಿಸಿ ಕಟ್ಟಿಸುವುದಷ್ಟೇ ಅವನ ಕೆಲಸ. ದುಡ್ಡು ಆಮೇಲಿನ ಮಾತು. ಜವಳಿ ಅಂಗಡಿಯ ಶಾಂತಪ್ಪನ ಬಿಲ್ಲು ಪುಸ್ತಕಗಳನ್ನು ಮುದ್ರಿಸುವವನು ನಾನು, ನನ್ನ ಮನೆಗೆ ಬಟ್ಟೆ ಕೊಡುವವನು ಅವನು. ಲಗ್ನಪತ್ರಿಕೆಯ ದುಡ್ಡು ಲಗ್ನವಾದ ಮೇಲೆ ನನಗೆ ಬರುತ್ತದೆ, ನನಗೆ ಬಂದ ಮೇಲೆ ಅವನಿಗೆ ಹೋಗುತ್ತದೆ. ಯಾವಾಗ ಎಂದು ಅವನ ತಂದೆ ನನ್ನ ತಂದೆಯನ್ನು ಕೇಳಿರಲಿಲ್ಲ, ಅವನು ನನ್ನನ್ನು ಕೇಳಿರಲಿಲ್ಲ.

ಮಲಕಮ್ಮನ ಕೈ ಗಿಳಿಹಸಿರಿನ, ನೇರಳೆ ಅಂಚಿನ ರೇಷ್ಮೆ ಸೀರೆಯ ಮೇಲೆ ನಿಂತಿತು. ನಿಂತದ್ದು ಹಾಗೇ ಉಳಿಯಿತು. ಶಾಂತಪ್ಪ ಮಡಿಸತೊಡಗಿದ. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆಗ ನಾನು ಜೇಬಿಗೆ ಕೈ ಹಾಕಿ ತಮ್ಮ ಕಾರ್ಡನ್ನು ತೆಗೆದೆ. ಯಾಕೆ ತೆಗೆದೆನೆಂದು ಈಗಲೂ ಕೇಳಿಕೊಳ್ಳುತ್ತಿದ್ದೇನೆ. ಬೀಗರ ಕಣ್ಣಿಗೆ ಬಂಗಾರದ ಗೆರೆ ಬೀಳಲಿ ಎಂದಿರಬಹುದು, ಪಾಯಿಂಟು ಬರಲಿ ಎಂದಿರಬಹುದು. ಬೆಲೆ ಕೇಳುವಂತಿಲ್ಲದ ಮನುಷ್ಯ ಮಿತಿ ಇರುವ ಕಾರ್ಡನ್ನು ಕೊಟ್ಟ. ಇಂಥ ತಪ್ಪನ್ನು ಮಾಡಲು ನಮ್ಮೂರಿನವನೇ ಆಗಬೇಕು.

ಶಾಂತಪ್ಪನ ಯಂತ್ರ ಒಮ್ಮೆ ಯೋಚಿಸಿ, ಚೀಟಿಯೊಂದನ್ನು ಹೊರಚೆಲ್ಲಿತು. ಅಚ್ಚು ತೀರ ಮಂಕಾಗಿತ್ತು, ಆದರೂ ಅವನು ಅದನ್ನು ದೂರ ಹಿಡಿದು ಓದಿದ: "ಲಿಮಿಟ್ ಸಾಲಂಗಿಲ್ಲ ಅಂತದ್ರಿ." ಅದರಲ್ಲಿದ್ದ ಮೊತ್ತವನ್ನೂ ಗಟ್ಟಿಯಾಗಿ ಓದಿದ್ದರಿಂದ, ಸೀರೆಯ ಬೆಲೆ ಹದಿನಾಲ್ಕು ಸಾವಿರದ ಚಿಲ್ಲರೆ ಎಂಬುದು ಎಲ್ಲರಿಗೂ ಗೊತ್ತಾಯಿತು. ಯಾದಗಿರಿಯಿಂದ ಬಂದಿದ್ದ ವರನ ದೊಡ್ಡಮ್ಮ ಪಾರ್ವತಿಬಾಯಿಯವರು ಎಲೆ ಅಡಿಕೆಯನ್ನು ದವಡೆಯ ಆ ಕಡೆಗೆ ಸರಿಸಿ, "ಯಾಕ್ರಿ ಬೀಗರ, ಕಾರ್ಡಿನಾಗ ರೊಕ್ಕ ಇಲ್ಲೇನು, ಇಲ್ಲಾ ಕಾರ್ಡಿಗೇ ನಿಮ್ಮ ಮ್ಯಾಲ ನಂಬಿಗಿ ಇಲ್ಲೇನು?" ಎಂದು ವಿಚಾರಿಸಿದರು. ತಮ್ಮ ಇಡೀ ವಿಭಾಗದ ಕಾರ್ಯವಿಧಾನವನ್ನು ಇಷ್ಟು ಸ್ಪಷ್ಟವಾಗಿ ವಿವರಿಸಿದವರನ್ನು ನಾನು ಇನ್ನೂ ಕಂಡಿಲ್ಲ. ಕೆಲಸ ಖಾಲಿ ಇದ್ದರೆ ಅವರನ್ನು ಪರಿಗಣಿಸಬೇಕು. "ಅಣ್ಣಾ, ಅದನ್ನ ಒಳಗ ಇಡು" ಎಂದು ಸೂಗಮ್ಮ ನನಗಷ್ಟೇ ಕೇಳುವಂತೆ ಹೇಳಿದಳು.

ನಾನು ಒಳಗೆ ಇಟ್ಟೆ. ಎಂದಿನಂತೆ 'ಒಯ್ರಿ' ಎಂಬ ಮಾತಿಗಾಗಿ ಶಾಂತಪ್ಪನ ಮುಖ ನೋಡಿದೆ. ಅವನು ಕೈಯಲ್ಲಿದ್ದ ಚೀಟಿಯನ್ನು ಇನ್ನೊಮ್ಮೆ ನೋಡಿದ. ಬಹಳ ಹೊತ್ತೇನಲ್ಲ, ಒಂದು ಮಡಿಕೆ ಬಿಡಿಸುವಷ್ಟು ಹೊತ್ತು. ಆಮೇಲೆ, "ಒಯ್ರಿ ಅಮರಪ್ಪ, ನಿಮ್ದ ಅಂಗಡಿ. ಅಲ್ರಿ, ರೊಕ್ಕ ಯಾವಾಗ ಕೊಡ್ತೀರಿ ಅಂತ ಒಂದ್ ಮಾತು ಹೇಳ್ರಲ್ಲ" ಎಂದ.

ಆ ಮಾತಿನಲ್ಲಿ ತಪ್ಪಿಲ್ಲ. ಲೋಕದ ಎಲ್ಲ ಅಂಗಡಿಗಳಲ್ಲಿ ಕೇಳುವ ಮಾತು. ನಮ್ಮಿಬ್ಬರ ನಡುವೆ ಹುಟ್ಟಿದ್ದು ಅಂದು. ಮಲಕಮ್ಮ ಹಸಿರು ಸೀರೆಯ ಮೇಲಿನಿಂದ ಕೈ ತೆಗೆದು ಪಕ್ಕದಲ್ಲಿದ್ದ ಗುಲಾಬಿ ಬಣ್ಣದ್ದನ್ನು ಎತ್ತಿಕೊಂಡಳು. "ಮಾಮಾ, ಹಸರು ನನಗ ಒಪ್ಪಂಗಿಲ್ಲ. ಇದ ಇರಲಿ" ಎಂದಳು. ಗುಲಾಬಿಯದು ಒಂಬತ್ತು ಸಾವಿರ. ತಮ್ಮ ಕಾರ್ಡು ಅದಕ್ಕೆ ಕೂಡಲೇ ಒಪ್ಪಿತು, ಯಂತ್ರ ಸಂತೋಷದಿಂದ ಕೂಗಿತು, ಪಾಯಿಂಟುಗಳು ಜಮೆಯಾದ ಸಂದೇಶ ನಾವು ಚಪ್ಪಲಿ ಮೆಟ್ಟುವ ಮೊದಲೇ ಬಂತು. ತಮ್ಮ ಬಹುಮಾನಗಳ ಪಟ್ಟಿಯನ್ನು ಬಸ್ಸಿನಲ್ಲಿ ನೋಡುತ್ತಾ ಬಂದೆ. ಎಲ್ಲಕ್ಕಿಂತ ಸಣ್ಣ ಬಹುಮಾನ, ವಿಮಾನದಲ್ಲಿ ಕುತ್ತಿಗೆಗೆ ಇಟ್ಟುಕೊಳ್ಳುವ ದಿಂಬು. ಅದನ್ನು ಪಡೆಯಲು ಮಲಕಮ್ಮನಂಥ ಇನ್ನೂ ಹತ್ತಾರು ಹುಡುಗಿಯರು ತಮಗೆ ಬೇಕಾದ ಸೀರೆಯನ್ನು ಬೇಡವೆನ್ನಬೇಕಾಗುತ್ತದೆ.

ಮಿತಿ ಯಾಕೆ ಇಷ್ಟು ಕಡಿಮೆ ಎಂದು ಆಮೀನಾಳನ್ನು ಕೇಳಿದೆ. ಪಾಪ, ಅವಳು ಮೊಬೈಲಿನಲ್ಲಿ ಏನೇನೋ ಒತ್ತಿ ನೋಡಿ, "ನೀವು ಯಾವ ಬ್ಯಾಂಕಿನಾಗೂ ಸಾಲನೇ ಮಾಡಿಲ್ಲಲ್ರಿ ಕಾಕಾ. ಸಾಲ ಮಾಡದ ಮನಿಷ್ಯಾನ್ನ ಅದು ಹ್ಯಾಂಗ್ ನಂಬತೈತಿ?" ಎಂದಳು. ಈ ತತ್ವದ ಆಳಕ್ಕೆ ನಾನು ತಲೆಬಾಗುತ್ತೇನೆ. ನಮ್ಮ ಓಣಿಯಲ್ಲಿ ಡಿಜೆ ಬಾಡಿಗೆಗೆ ಕೊಡುವ ಒಬ್ಬರಿದ್ದಾರೆ. ಒಂದು ಕಾರ್ಡಿನ ಸಾಲವನ್ನು ಇನ್ನೊಂದು ಕಾರ್ಡಿನಿಂದ, ಅದನ್ನು ಮೂರನೆಯದರಿಂದ ತೀರಿಸುತ್ತಾ ಬಂದಿದ್ದಾರೆ, ಅವರ ಮಿತಿ ಎರಡು ಲಕ್ಷ. ನಾನು ಆಯುಷ್ಯವಿಡೀ ಬಾಯಿಮಾತಿನ ಮೇಲೆ ತಂದು, ಬಾಯಿಮಾತಿನಂತೆ ಕೊಟ್ಟೆ. ಅದೆಲ್ಲ ಗಾಳಿಯಲ್ಲಿ ನಡೆದದ್ದರಿಂದ ತಮ್ಮ ದೃಷ್ಟಿಯಲ್ಲಿ ನಡೆಯಲೇ ಇಲ್ಲ.

ಮಿತಿ ಎಂಬ ವಿಚಾರಕ್ಕೆ ನಾನು ವಿರೋಧಿಯಲ್ಲ. ಕಾಲುವೆಯ ನಾಡಿನಲ್ಲಿ ಬದುಕುವವನು ಹಾಗಾಗಲು ಬಾರದು. ಇಲ್ಲಿ ಪ್ರತಿಯೊಂದು ತೂಬಿಗೂ ಒಂದು ಅಳತೆಯಿದೆ, ಮೇಲಿನವನ ಹೊಲಕ್ಕೆ ಇಷ್ಟೇ ಎಂದು ಬಾಗಿಲು ಇಳಿಸುವುದು ಕೆಳಗಿನವನಿಗೂ ಒಂದಿಷ್ಟು ಮುಟ್ಟಲಿ ಎಂದು. ಹಾಗಾದರೆ ನನ್ನ ಬಾಗಿಲನ್ನು ಹನ್ನೆರಡು ಸಾವಿರಕ್ಕೆ ಇಳಿಸಿದಾಗ ಉಳಿದದ್ದು ಕೆಳಗೆ ಯಾರಿಗೆ ಮುಟ್ಟಿತು ಎಂದು ತಮ್ಮನ್ನು ಕೇಳಬೇಕೆಂದಿದ್ದೆ. ಉತ್ತರ ನನಗೇ ಸಿಕ್ಕಿತು.

ವಾರ ಕಳೆದ ಮೇಲೆ ಶಾಂತಪ್ಪ ಹೊಸ ಬಿಲ್ಲು ಪುಸ್ತಕಗಳಿಗಾಗಿ ಸುರಪುರಕ್ಕೆ ಬಂದ. ಎಂದಿನಂತೆ ಚಹಾ ತರಿಸಿದೆ. ಎದ್ದು ಹೋಗುವಾಗ ಅವನು ನೋಟುಗಳನ್ನು ಮೇಜಿನ ಮೇಲಿಟ್ಟು, "ಈ ಸಲ ಮುಂಗಡ ಇಟ್ಕೋರಿ. ಲಗ್ನದ ಮನಿ, ನಿಮಗೂ ತ್ರಾಸಿರತೈತಿ" ಎಂದ. ಅವನು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ, ಅದೇ ಕಷ್ಟ. ನೋಟಿನ ಕಡೆ ನಾವಿಬ್ಬರೂ ನೋಡಲಿಲ್ಲ. ಆ ಹಸಿರು ಸೀರೆಯನ್ನು ನಗದು ಕೊಟ್ಟೇ ತರಬೇಕೆಂದು ನಿಶ್ಚಯಿಸಿ, ಉಳಿದ ದುಡ್ಡನ್ನು ಹೊಂದಿಸಲು ನನ್ನ ಬಾಗಿಲಿಗೂ ಒಂದು ಕಾಗದ ಅಂಟಿಸಿದೆ: ಮುಂಗಡ ಕೊಟ್ಟವರ ಪತ್ರಿಕೆ ಮಾತ್ರ ಮುದ್ರಿಸಲಾಗುವುದು. ಮಗನ ಲಗ್ನಪತ್ರಿಕೆ ಮಾಡಿಸಲು ಕೊಡೇಕಲ್ಲಿನಿಂದ ಬಂದ ತಿಮ್ಮವ್ವ ಓದು ಬಾರದವಳು; ಅದರಲ್ಲೇನಿದೆ ಎಂದು ನಾನೇ ಓದಿ ಹೇಳಬೇಕಾಯಿತು. "ಯಾಕೋ ಅಮರಪ್ಪ, ನಿಮ್ಮಪ್ಪನ ಕಾಲಕ್ಕ ಹೆಸರು ಹೇಳಿದ್ರ ಸಾಕಿತ್ತು. ಈಗೇನು, ನಾ ಎಲ್ಲ್ಯಾರ ಓಡಿ ಹೋಗ್ತೀನೇನು?" ಎನ್ನುತ್ತಾ ಸೆರಗಿನ ಗಂಟು ಬಿಚ್ಚಿದಳು. ಅವಳು ಇನ್ನು ಯಾರ ಬಾಗಿಲಲ್ಲಿ ನಿಂತು ರೊಕ್ಕ 'ಯಾವಾಗ' ಎಂದು ಕೇಳುತ್ತಾಳೋ ನನಗೆ ತಿಳಿಯದು. ತಾವು ಬಿಟ್ಟ ಆ 'ಯಾವಾಗ' ಕೊನೆಯಂಚಿನವರೆಗೂ ಹರಿಯುತ್ತಿದೆ. ಕಾಲುವೆಯಿಂದ ಇದು ಆಗಿಲ್ಲ.

ದುಡ್ಡು ಸೇರಿದ ದಿನವೇ ಶಹಾಪುರದ ಬಸ್ಸು ಹತ್ತಿದೆ. ಹಸಿರು ಸೀರೆ ಇದೆಯೇ ಎಂದು ಕೇಳಿದರೆ ಶಾಂತಪ್ಪ ಒಳಗಿನ ಕಪಾಟಿನಿಂದ ಒಂದು ಬಿಳಿ ಬಟ್ಟೆಯ ಗಂಟನ್ನು ತಂದ. "ಯಾರಿಗೂ ತೋರ್ಸಿಲ್ರಿ" ಎಂದ. ನಾನು ದುಡ್ಡು ಎಣಿಸಿದೆ, ಅವನು ಮತ್ತೊಮ್ಮೆ ಎಣಿಸಿದ. ನಾನೇ ಮುದ್ರಿಸಿದ ಬಿಲ್ಲಿನಲ್ಲಿ 'ನಗದು' ಎಂದು ಬರೆದು ಹರಿದು ಕೊಟ್ಟ. ಅದರ ಜೊತೆಗೆ ಹಳೆಯದೇನಾದರೂ ಇದ್ದರೆ ಅದನ್ನೂ ನೋಡಿಬಿಡೋಣ ಎಂದು ಕುಳಿತು, ಅವನದು ನನಗೆ, ನನ್ನದು ಅವನಿಗೆ ವಜಾ ಹಾಕಿ, ಲೆಕ್ಕ ಚುಕ್ತಾ ಮಾಡಿಕೊಂಡೆವು. ಎರಡು ತಲೆಮಾರಿನಲ್ಲಿ ಅದು ಎಂದೂ ಚುಕ್ತಾ ಆಗಿರಲಿಲ್ಲ. ಏನೋ ಒಂದು ಯಾವಾಗಲೂ ಬಾಕಿ ಉಳಿಯುತ್ತಿದ್ದುದರಿಂದಲೇ ಅವನು ಇಲ್ಲಿಗೆ, ನಾನು ಅಲ್ಲಿಗೆ ಹೋಗಿ ಬರುತ್ತಿದ್ದೆವೆಂದು ಬಸ್ಸಿನಲ್ಲಿ ಕುಳಿತ ಮೇಲೆ ಹೊಳೆಯಿತು. ಇನ್ನು ಹೋಗಲು ಕಾರಣವನ್ನು ಹುಡುಕಬೇಕು.

ಸೀರೆಯನ್ನು ಕೊಟ್ಟಾಗ ಮಲಕಮ್ಮ, "ಮಾಮಾ, ಹಸರು ಒಪ್ಪಂಗಿಲ್ಲ ಅಂದಿದ್ದೆ ಅಲ್ಲ" ಎಂದಳು. ಹೇಳುತ್ತಲೇ ಅದನ್ನು ಕೆನ್ನೆಗೆ ಒತ್ತಿ ಹಿಡಿದಿದ್ದಳು.

ಆದಕಾರಣ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನನ್ನ ಮಿತಿಯನ್ನು ಮೂರು ಸಾವಿರದಷ್ಟು ಏರಿಸಿ, ಆ ಏರಿಕೆಯನ್ನು ನಾವು ಜವಳಿಗೆ ಹೋದ ದಿನದ ಬೆಳಗಿನಿಂದಲೇ ಜಾರಿಗೆ ಬರುವಂತೆ ಆದೇಶಿಸಬೇಕು. ಶಾಂತಪ್ಪ ಚೀಟಿಯನ್ನು ಎರಡನೆಯ ಸಲ ನೋಡಿದ ಆ ಹೊತ್ತನ್ನು ತಮ್ಮ ಕಡತಗಳಿಂದಲೂ ಅವನ ಕಣ್ಣಿನಿಂದಲೂ ಅಳಿಸಬೇಕು. ಸಾಧ್ಯವಾದರೆ ತಮ್ಮ ಯಂತ್ರವನ್ನು ಒಂದು ದಿನದ ಮಟ್ಟಿಗೆ ಶಹಾಪುರಕ್ಕೆ ಕಳಿಸಿ ಅವನ ಗಾದಿಯ ಮೇಲೆ ಕೂರಿಸಿ, 'ಈ ಮನುಷ್ಯನನ್ನು ನಾನು ಕಂಡವನಲ್ಲ, ನೀನು ಕಂಡವನು' ಎಂದು ಅದರ ಬಾಯಿಂದಲೇ ಹೇಳಿಸಬೇಕು. ಇದಕ್ಕೆ ತಗಲುವ ಶುಲ್ಕವನ್ನು ನನ್ನ ಪಾಯಿಂಟುಗಳಿಂದ ಕಳೆಯಲು ನನ್ನದೇನೂ ಅಡ್ಡಿಯಿಲ್ಲ.

ಹನ್ನೆರಡು ಸಾವಿರದವರೆಗೆ ಮಾತ್ರ ತಮ್ಮ ವಿಶ್ವಾಸಿ,
ಅಮರಪ್ಪ
ಸುರಪುರ

ತಾ.ಕ.: ಮಲಕಮ್ಮನ ಲಗ್ನಪತ್ರಿಕೆಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ, ದಪ್ಪ ಕಾಗದ, ಬಂಗಾರದ ಗೆರೆಯ ಅಂಚು. ಸಹಕುಟುಂಬ ಬರಬೇಕೆಂದು ಅದರಲ್ಲಿ ಅಚ್ಚಾಗಿದೆಯಾದರೂ, ತಾವು ಈ ಮೊದಲು ನಮ್ಮಲ್ಲಿ ಉಂಡ ದಾಖಲೆ ಇಲ್ಲದಿರುವುದರಿಂದ ತಮ್ಮ ಊಟದ ಮಿತಿಯನ್ನು ಸದ್ಯಕ್ಕೆ ಒಂದು ಹೋಳಿಗೆಗೆ ನಿಗದಿಪಡಿಸಲಾಗಿದೆ. ಅಭಿನಂದನೆಗಳು. ಬಾಗಿಲಲ್ಲಿ ಯಾರಾದರೂ ತಡೆದು ಯಾರ ಕಡೆಯವರೆಂದು ಕೇಳಿದರೆ ಕಾರ್ಡು ತೋರಿಸಲು ಹೋಗಬೇಡಿ, ಅಮರಪ್ಪನ ಹೆಸರು ಹೇಳಿ. ಆ ಒಂದು ಬಾಗಿಲಲ್ಲಿ ಅದು ಇನ್ನೂ ನಡೆಯುತ್ತದೆ.